ಐದನೇ ಕ್ರಾಸ್

ಓದೋಕೆ ಆಗದ ಹಾಗೆ ಬರೆದ ಹೆಸರನ್ನು ಹೆಸರು ಅಂತ ಕರೆಯಬಹುದಾ? ಕೆಲವು ತಿಂಗಳಿಂದ ಈ ಪ್ರಶ್ನೆ ನನ್ನ ಜೊತೆ ಮೆಟ್ರೋ ಹತ್ತಿ ಆಫೀಸಿಗೆ ಬಂದು, ಸಂಜೆ ನನ್ನ ಜೊತೆಯೇ ವಾಪಸ್ ಬರ್ತಾ ಇದೆ. ಕಾರಣ ಮಾನೋಗ್ರಾಮ್. ಎರಡು ಮೂರು ಅಕ್ಷರಗಳನ್ನು ಬಳ್ಳಿಯ ಹಾಗೆ ಒಂದರೊಳಗೊಂದು ಹೆಣೆದು ಬೆಳ್ಳಿ ಮೇಲೋ ಉಂಗುರದ ಮೇಲೋ ಕೈಯಲ್ಲೇ ಕೊರೆಯುತ್ತಾರಲ್ಲ, ಅದು. ಹಳೇ ಇಂಗ್ಲಿಷ್ ಸಿನಿಮಾಗಳಲ್ಲಿ ದೊಡ್ಡ ಮನೆಯವರ ಚಮಚದ ಹಿಡಿಯಲ್ಲಿ, ಕರ್ಚೀಫಿನ ಮೂಲೆಯಲ್ಲಿ ನೀವೂ ನೋಡಿರ್ತೀರಿ. ಚೆಂದ ಇರುತ್ತೆ. ಆದರೆ ಯಾವ ಅಕ್ಷರ ಅಂತ ಕೇಳಿದರೆ ಆ ಮನೆಯವರನ್ನು ಬಿಟ್ಟು ಮಿಕ್ಕವರು ತಡವರಿಸುತ್ತಾರೆ.

ಈಗ ಇದು ನಮ್ಮ ಕಡೆಗೂ ಬಂದಿದೆ. ನನ್ನ ಟೀಮಿನಲ್ಲಿ ಹೋದ ವರ್ಷ ಮೂರು ಮದುವೆ ಆದವು. ಮೂರು ಆಮಂತ್ರಣ ಪತ್ರಿಕೆಯಲ್ಲೂ ಗಣಪತಿ ಇರಬೇಕಾದ ಜಾಗದ ಪಕ್ಕದಲ್ಲೇ ಹುಡುಗ ಹುಡುಗಿಯ ಇಂಗ್ಲಿಷ್ ಇನಿಷಿಯಲ್ ಹೆಣೆದ ಒಂದು ಲೋಗೋ. ಅದೇ ಲೋಗೋ ಮಂಟಪದ ಹಿಂದೆ, ತಾಂಬೂಲದ ಚೀಲದ ಮೇಲೆ, ಊಟದ ಮೆನು ಕಾರ್ಡಿನ ಮೇಲೆ. ಅದನ್ನು ಅಣಕಿಸೋಕೆ ಹೇಳ್ತಾ ಇಲ್ಲ. ಎರಡು ಹೆಸರು ಒಂದು ಜಾಗದಲ್ಲಿ ಇರಬೇಕು ಅಂದರೆ ಹೇಗಿರಬೇಕು ಅನ್ನೋದು ಗಂಭೀರವಾದ ವಿಷಯ, ಅದನ್ನು ಡಿಸೈನರ್ ಒಬ್ಬರೇ ಕೂತು ತೀರ್ಮಾನ ಮಾಡ್ತಾರೆ ಅನ್ನೋದಷ್ಟೇ ನನಗೆ ಸೋಜಿಗ.

ಈ ಕಸುಬಿನಲ್ಲಿ ಒಂದು ಹಳೇ ವ್ಯತ್ಯಾಸ ಇದೆ. ನಾವು ಎಲ್ಲವನ್ನೂ ಮಾನೋಗ್ರಾಮ್ ಅಂತೀವಿ. ಆದರೆ ಕಟ್ಟುನಿಟ್ಟಾಗಿ ಹೇಳೋದಾದರೆ ಅಕ್ಷರಗಳು ಒಂದೇ ಗೆರೆಯನ್ನು ಹಂಚಿಕೊಂಡಾಗ ಮಾತ್ರ ಅದು ಮಾನೋಗ್ರಾಮ್. ಇಂಗ್ಲಿಷಿನ ಎಚ್ ಅಕ್ಷರದ ಬಲಗಾಲೇ ಪಕ್ಕದ ಇ ಅಕ್ಷರದ ಬೆನ್ನು ಆದಾಗ, ಒಂದನ್ನು ತೆಗೆದರೆ ಇನ್ನೊಂದು ಕುಂಟುತ್ತೆ. ಅಕ್ಷರಗಳು ಪೂರ್ತಿ ಪೂರ್ತಿ ಇದ್ದುಕೊಂಡು ಬರೀ ಹೆಣೆದುಕೊಂಡಿದ್ದರೆ ಅದಕ್ಕೆ ಸೈಫರ್ ಅಂತಾರೆ. ವಿಕ್ಟೋರಿಯಾ ರಾಣಿಯ ಕಾಲದ ಅಂಚೆಪೆಟ್ಟಿಗೆ ಮೇಲಿನ ವಿ ಮತ್ತು ಆರ್, ಫ್ರಾನ್ಸಿನ ಲೂಯಿ ದೊರೆಗಳ ಕನ್ನಡಿಬಿಂಬದಂಥ ಜೋಡಿ ಎಲ್, ಇವೆಲ್ಲ ಸೈಫರ್‌ಗಳು. ಸೈಫರಿನಲ್ಲಿ ಒಂದು ಅಕ್ಷರವನ್ನು ಮನಸ್ಸಿನಲ್ಲೇ ಎಳೆದು ತೆಗೆದರೂ ಇನ್ನೊಂದು ಸರಿಯಾಗಿ ನಿಂತಿರುತ್ತೆ. ಕೊರೆಯೋದಕ್ಕೆ ಚೆನ್ನಾಗಿ ಒಗ್ಗೋದೂ ಇದೇ. ನಾನು ಮುಂದೆ ಮಾನೋಗ್ರಾಮ್ ಅಂದಾಗಲೆಲ್ಲ ಈ ಎರಡನೇ ಜಾತಿಯದ್ದು ಅಂತ ತಿಳ್ಕೊಳ್ಳಿ. ಜನರ ಬಾಯಲ್ಲಿ ಆ ಹೆಸರೇ ಉಳಿದಿದೆ.

ಹೆಣಿಗೆಯ ಗುಟ್ಟು ಪೂರ್ತಿ ಇರೋದು ಎರಡು ಗೆರೆ ಸಂಧಿಸುವ ಜಾಗದಲ್ಲಿ. ಬೆಂಗಳೂರಿನವರಿಗೆ ಅರ್ಥ ಆಗಲಿ ಅಂತ ಅದನ್ನು ಕ್ರಾಸ್ ಅನ್ನೋಣ. ಒಂದು ಕ್ರಾಸಿನಲ್ಲಿ ಒಂದು ಗೆರೆ ಮೇಲೆ ಹೋಗಬೇಕು, ಇನ್ನೊಂದು ಕೆಳಗೆ ನುಸುಳಬೇಕು. ಎರಡೂ ಮೇಲೇ ಹೋಗುತ್ತೀನಿ ಅಂದರೆ ಅದು ಹೆಣಿಗೆ ಆಗಲ್ಲ, ಬರೀ ಗೀಚು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಇದೊಂದು ಮರ್ಜ್ ಕಾನ್‌ಫ್ಲಿಕ್ಟ್. ಒಂದೇ ಸಾಲನ್ನು ಇಬ್ಬರು ತಿದ್ದಿದ್ದಾರೆ, ಯಾರದ್ದು ಉಳಿಯಬೇಕು ಅಂತ ಯಾರಾದರೂ ಹೇಳಲೇಬೇಕು. ಇದಕ್ಕೆ ಹೆಣಿಗೆಯವರು ಕಂಡುಕೊಂಡಿರುವ ನಿಯಮ ಬಹಳ ಸರಳ. ಒಂದು ಗೆರೆ ಈ ಕ್ರಾಸಿನಲ್ಲಿ ಮೇಲಿದ್ದರೆ ಮುಂದಿನ ಕ್ರಾಸಿನಲ್ಲಿ ಕೆಳಗೆ. ಅದರ ಮುಂದೆ ಮತ್ತೆ ಮೇಲೆ. ಚಾಪೆ ಹೆಣೆಯೋರು, ಬುಟ್ಟಿ ಹೆಣೆಯೋರು, ಜಡೆ ಹಾಕೋರು ಎಲ್ಲರಿಗೂ ಗೊತ್ತಿರೋದು ಇದೇ. ಒಬ್ಬರೇ ಯಾವಾಗಲೂ ಮೇಲಿದ್ದರೆ ಎರಡೂ ಬಿಡಿಬಿಡಿಯಾಗಿ ಕಳಚಿಕೊಳ್ಳುತ್ತವೆ.

ಲೋಹದಲ್ಲಿ ಇದನ್ನು ತೋರಿಸೋದು ಹೇಗೆ ಅನ್ನೋದು ನನ್ನನ್ನು ಬಹಳ ದಿನ ಹಿಡಿದಿಟ್ಟಿತು. ಬೆಳ್ಳಿಯಲ್ಲಿ ನಿಜವಾಗಿ ಮೇಲೆ ಕೆಳಗೆ ಅನ್ನೋದಿಲ್ಲ. ಎಲ್ಲ ಗೆರೆಯೂ ಒಂದೇ ಮಟ್ಟದಲ್ಲಿ ಕೊರೆದ ಸಣ್ಣ ಕಾಲುವೆಗಳೇ. ಹಾಗಾಗಿ ಕೆಳಗೆ ಹೋಗಬೇಕಾದ ಗೆರೆಯನ್ನು ಮೇಲಿನ ಗೆರೆಗೆ ಕೂದಲೆಳೆಯಷ್ಟು ದೂರದಲ್ಲಿ ನಿಲ್ಲಿಸ್ತಾರೆ. ಆಚೆ ಕಡೆ ಮತ್ತೆ ಅಷ್ಟೇ ಸಂದು ಬಿಟ್ಟು ಶುರು ಮಾಡ್ತಾರೆ. ನಡುವೆ ಆ ಗೆರೆ ಇಲ್ಲವೇ ಇಲ್ಲ. ಆದರೆ ನೋಡೋರ ಕಣ್ಣು ಅದನ್ನು ಎಳೆದುಕೊಳ್ಳುತ್ತೆ. ಅದು ಕೆಳಗಿಂದ ಹಾದುಹೋಗಿದೆ ಅಂತ ಯಾರಿಗೂ ಸಂಶಯ ಬರಲ್ಲ.

ಕೊರೆಯುವ ಉಳಿಗೆ ಗ್ರೇವರ್ ಅಂತಾರೆ. ಅಂಗೈಯಲ್ಲಿ ಕೂರುವ ಗುಂಡಗಿನ ಹಿಡಿ, ಮುಂದೆ ಚೂಪಾದ ಉಕ್ಕು. ಸುತ್ತಿಗೆ ಇಲ್ಲ, ಅಂಗೈಯಿಂದಲೇ ತಳ್ಳೋದು. ಲೋಟ ಒಂದು ಮರಳು ತುಂಬಿದ ಚರ್ಮದ ದಿಂಬಿನ ಮೇಲೆ ಕೂತಿರುತ್ತೆ. ತಿರುವು ಬಂದಾಗ ಉಳಿ ಹಿಡಿದ ಬಲಗೈ ತಿರುಗೋದು ಕಡಿಮೆ, ಎಡಗೈ ಲೋಟವನ್ನೇ ಉಳಿಯ ಬಾಯಿಗೆ ತಿರುಗಿಸಿ ಕೊಡುತ್ತೆ. ಉಳಿಯನ್ನು ನೆಟ್ಟಗೆ ಹಿಡಿದರೆ ಸಣ್ಣ ಗೆರೆ, ಪಕ್ಕಕ್ಕೆ ವಾಲಿಸಿದರೆ ದಪ್ಪ ಗೆರೆ, ದಪ್ಪ ಗೆರೆಯ ಒಂದು ಗೋಡೆ ಬೆಳಕಿಗೆ ಕನ್ನಡಿಯ ಹಾಗೆ ಹೊಳೆಯುತ್ತೆ. ಇಂಗ್ಲಿಷ್ ಕೂಡಕ್ಷರಗಳು ಇದಕ್ಕೇ ಹೇಳಿ ಮಾಡಿಸಿದಂತಿವೆ. ಚೂಪು ಲೇಖನಿಯಲ್ಲಿ ಬರೆದ ಅಕ್ಷರ ಅದು, ಕೈ ಕೆಳಗಿಳಿಯುವಾಗ ದಪ್ಪ, ಮೇಲೇರುವಾಗ ಸಣ್ಣ. ಹೆಣೆಯುವಾಗ ದಪ್ಪದ ಮೇಲೆ ದಪ್ಪ ಬರದ ಹಾಗೆ, ದಪ್ಪ ಸಣ್ಣದನ್ನು ದಾಟುವ ಹಾಗೆ ಜೋಡಿಸ್ತಾರೆ. ಇಲ್ಲದಿದ್ದರೆ ಆ ಜಾಗ ಕಪ್ಪಗೆ ಗಂಟು ಕಟ್ಟಿದಂತೆ ಕಾಣುತ್ತೆ. ಇನ್ನು ಕಂಟ್ರೋಲ್ ಜೆಡ್ ಅಂತೂ ಇಲ್ಲ. ಉಳಿ ಒಂಚೂರು ಜಾರಿದರೆ ಗೀರನ್ನು ತಿಕ್ಕಿ ಮಟ್ಟ ಮಾಡಬಹುದು, ಕೊರೆದು ಬಿದ್ದ ಬೆಳ್ಳಿಯನ್ನು ವಾಪಸ್ ತುಂಬೋಕಾಗಲ್ಲ.

ಇಷ್ಟೆಲ್ಲ ಕಷ್ಟಪಟ್ಟು ಕೊರೆದವರ ಹೆಸರು ಅದರ ಮೇಲೆ ಇರಲ್ಲ ಅನ್ನೋದನ್ನು ಗಮನಿಸಿ. ಫ್ರಾಂಕರ ದೊರೆ ಶಾರ್ಲಮೇನ್‌ನ ಸಹಿ ಇದರ ತುತ್ತತುದಿ. ಕರೋಲುಸ್ ಅನ್ನೋ ಅವನ ಹೆಸರನ್ನು ಶಿಲುಬೆಯ ಆಕಾರದಲ್ಲಿ ಬರೀತಿದ್ದರು. ನಾಲ್ಕು ತುದಿಗೆ ನಾಲ್ಕು ವ್ಯಂಜನ, ನಡುವಿನ ವಜ್ರಾಕಾರದಲ್ಲಿ ಸ್ವರಗಳೆಲ್ಲ ಅಡಗಿ ಕೂತಿರುತ್ತಿದ್ದವು. ಅದನ್ನು ಪೂರ್ತಿ ಬರೀತಿದ್ದವನು ಗುಮಾಸ್ತ. ದೊರೆ ಮಾಡ್ತಿದ್ದದ್ದು ನಡುವಿನ ವಜ್ರದೊಳಗೆ ಒಂದು ಪುಟ್ಟ ಗೆರೆ ಎಳೆಯೋದು, ಅಷ್ಟೇ. ಬರೆಯೋದನ್ನು ಅವನು ವಯಸ್ಸಾದ ಮೇಲೆ ಕಲಿಯೋಕೆ ಹೊರಟವನು. ನನಗಂತೂ ಅದನ್ನು ಓದಿದಾಗ ನಮ್ಮ ಅಪ್ರೂವ್ ಬಟನ್ ನೆನಪಾಯಿತು. ಎರಡು ವಾರ ಕೂತು ಬರೆದವನು ಒಬ್ಬ, ಒಂದು ಕ್ಲಿಕ್ ಮಾಡಿದವರ ಹೆಸರು ರಿಲೀಸ್ ಮೇಲ್‌ನಲ್ಲಿ. ಇರಲಿ, ಅದು ಬೇರೆ ಬರಹ.

ನಮ್ಮ ಕಡೆ ಇದು ಉಲ್ಟಾ ಆಗಿರೋ ಜಾಗ ಒಂದಿದೆ. ನಮ್ಮದು ಚನ್ನರಾಯಪಟ್ಟಣ ತಾಲ್ಲೂಕು. ಅಲ್ಲಿ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಸ್ಥಾನದಲ್ಲಿ ಬೈಚೋಜ, ಮಲ್ಲಿತಮ್ಮ ಅನ್ನೋ ಇಬ್ಬರು ಶಿಲ್ಪಿಗಳ ಹೆಸರು ಕಲ್ಲಿನಲ್ಲೇ ಇದೆ. ಅದು 1246ರ ಗುಡಿ. ಇದೇ ಮಲ್ಲಿತಮ್ಮ ಆಮೇಲೆ ಸೋಮನಾಥಪುರದಲ್ಲೂ ಕೆಲಸ ಮಾಡಿದ. ಅಲ್ಲಿ ಎಷ್ಟೋ ವಿಗ್ರಹಗಳ ಕೆಳಗೆ ಅವನ ಗುರುತು ಸಿಗುತ್ತೆ. ಕೆಲವು ಕಡೆ ಪೂರ್ತಿ ಹೆಸರು, ಕೆಲವು ಕಡೆ ‘ಮಲ್ಲಿ’, ಕೆಲವು ಕಡೆ ಬರೀ ಒಂದು ‘ಮ’. ಏಳೂವರೆ ಶತಮಾನದ ಹಿಂದಿನ ಒಂದಕ್ಷರದ ಸಹಿ! ಯಾರು ಓದಲಿ ಅಂತ ಬರೆದ ಅದನ್ನು? ಪೂಜೆಗೆ ಬಂದವರಿಗೆ ‘ಮ’ ಅಂದರೆ ಏನೂ ಗೊತ್ತಾಗಲ್ಲ. ಕೂಲಿ ಲೆಕ್ಕಕ್ಕೋ, ಇದು ನನ್ನದು ಅಂತ ಪಕ್ಕದ ಶಿಲ್ಪಿಗೆ ಹೇಳೋಕೋ, ಏನೋ. ಗೊತ್ತಿದ್ದವರಿಗೆ ಒಂದಕ್ಷರ ಸಾಕು, ಗೊತ್ತಿಲ್ಲದವರಿಗೆ ಪೂರ್ತಿ ಹೆಸರು ಬರೆದರೂ ಅಷ್ಟೇ. ಇದು ಮಾನೋಗ್ರಾಮಿನ ಬೇರು ಅನ್ನಿಸುತ್ತೆ ನನಗೆ.

ಯುರೋಪಿನ ಡ್ಯೂರರ್ ಮಾತ್ರ ಇದನ್ನು ಅಪರಿಚಿತರಿಗಾಗಿ ಬಳಸಿದ. ಎ ಅಕ್ಷರದ ಎರಡು ಕಾಲಿನ ನಡುವೆ ಡಿ ಕೂತಿರುವ ಅವನ ಗುರುತು ಎಷ್ಟು ಬೆಲೆ ಬಾಳುತ್ತಿತ್ತೆಂದರೆ ಇಟಲಿಯ ಮಾರ್ಕಂಟೋನಿಯೋ ರೈಮೊಂಡಿ ಅವನ ಚಿತ್ರಗಳನ್ನು ಗುರುತಿನ ಸಮೇತ ನಕಲು ಮಾಡಿದ. ಡ್ಯೂರರ್ ವೆನಿಸ್‌ನವರೆಗೂ ಹೋಗಿ ದೂರು ಕೊಟ್ಟ, ಅಲ್ಲಿನ ಆಡಳಿತ ‘ಚಿತ್ರ ನಕಲು ಮಾಡಿಕೊಳ್ಳಲಿ, ಗುರುತು ಮಾತ್ರ ಹಾಕಬಾರದು’ ಅಂತ ತೀರ್ಪು ಕೊಟ್ಟಿತು ಅಂತ ವಸಾರಿ ಬರೆದಿದ್ದಾನೆ. ಚಿತ್ರ ಎಲ್ಲರದ್ದು, ಎರಡಕ್ಷರ ಮಾತ್ರ ಅವನದ್ದು!

ಈಗ ನಮ್ಮ ಅಡುಗೆಮನೆಗೆ ಬರ್ತೀನಿ. ನಮ್ಮೂರ ಕಡೆ ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ಪಾತ್ರೆ ತಗೊಂಡ ತಕ್ಷಣ ‘ಹೆಸರು ಹಾಕ್ಲಾ?’ ಅಂತ ಕೇಳ್ತಾರೆ. ಟಿರ್ರ್ ಅನ್ನೋ ಒಂದು ಕರೆಂಟಿನ ಪೆನ್ನು, ಚುಕ್ಕಿ ಚುಕ್ಕಿಯಾಗಿ ಹೆಸರು ಬೀಳುತ್ತೆ. ಅದರಲ್ಲಿ ಬಳ್ಳಿ ಇಲ್ಲ, ಹೆಣಿಗೆ ಇಲ್ಲ, ಸೊಗಸು ಅಂತೂ ಇಲ್ಲವೇ ಇಲ್ಲ. ಆದರೆ ಎಂಥವರಿಗೂ ಓದೋಕೆ ಬರುತ್ತೆ. ಅದರ ಉದ್ದೇಶವೇ ಅದು. ಮದುವೆಗೆ, ತಿಥಿಗೆ ಊರಿನ ಪಾತ್ರೆಗಳೆಲ್ಲ ಒಂದೇ ಕಡೆ ಸೇರ್ತವೆ, ರಾತ್ರಿ ತೊಳೆದು ಗುಡ್ಡೆ ಹಾಕಿದ ಮೇಲೆ ಯಾರದ್ದು ಯಾವುದು ಅಂತ ಟಾರ್ಚ್ ಹಿಡಿದು ಹೆಸರು ಓದಿ ಬೇರೆ ಮಾಡಬೇಕು. ಇನ್ನು ಮುಯ್ಯಿಗೆ ಬಂದ ಪಾತ್ರೆಗಳದ್ದು ಮತ್ತೊಂದು ಲೆಕ್ಕ. ಅವುಗಳ ಮೇಲೆ ಇರೋದು ಕೊಟ್ಟವರ ಹೆಸರು. ಅದು ಪ್ರೀತಿಯೂ ಹೌದು, ನಿಮ್ಮನೆ ಮದುವೆಗೆ ಇಷ್ಟು ಕೊಟ್ಟಿದ್ವಿ, ಮರೀಬೇಡಿ ಅನ್ನೋ ರಸೀದಿಯೂ ಹೌದು.

ನಮ್ಮ ಮನೆಯ ಪಾತ್ರೆಗಳ ಮೇಲೆ ತಾತನ ಹೆಸರಿದೆ, ಅಪ್ಪನ ಹೆಸರಿದೆ, ಇಬ್ಬರು ಸೋದರಮಾವಂದಿರ ಹೆಸರಿದೆ, ಯಾವುದೋ ಒಂದು ಕೊಳಗದ ಮೇಲೆ ನಮಗೆ ಯಾರಿಗೂ ಗೊತ್ತಿಲ್ಲದ ಒಬ್ಬ ಶಾನುಭೋಗರ ಹೆಸರೂ ಇದೆ. ಅಮ್ಮನ ಹೆಸರು ಮಾತ್ರ ಎಲ್ಲೂ ಇಲ್ಲ. ಅರ್ಧಕ್ಕಿಂತ ಹೆಚ್ಚು ಪಾತ್ರೆ ಅವಳು ಡೇರಿಗೆ ಹಾಲು ಹಾಕಿ, ಚೀಟಿ ಕಟ್ಟಿ ತಗೊಂಡದ್ದು. ಇದನ್ನು ಕಂಡುಹಿಡಿದವಳು ನನ್ನ ತಂಗಿ. ಹಾಸನದಲ್ಲಿ ಮೇಷ್ಟ್ರು ಅವಳು, ಮದುವೆ ಆದ ಮೇಲೂ ಇನಿಷಿಯಲ್ ಬದಲಾಯಿಸಲ್ಲ ಅಂತ ಹಟ ಹಿಡಿದು ಗೆದ್ದವಳು. ಅಮ್ಮನನ್ನು ನಾನು ಕೇಳಿದೆ, ‘ನಿನ್ನ ಹೆಸರು ಯಾಕೆ ಹಾಕಿಸಲಿಲ್ಲ?’ ಅಂತ. ಅವಳಿಗೆ ಪ್ರಶ್ನೆಯೇ ವಿಚಿತ್ರ ಅನ್ನಿಸಿತು. ‘ಕಳೆದುಹೋದ್ರೆ ತಂದುಕೊಡೋರಿಗೆ ಗೊತ್ತಿರೋ ಹೆಸರು ಹಾಕಿಸ್ಬೇಕು ಕಣೋ. ನನ್ನ ಹೆಸರು ಈ ಊರಲ್ಲಿ ಯಾರಿಗೆ ಗೊತ್ತು?’

ನಾನು ಹೆಸರು ಅಂದರೆ ಒಡೆತನ ಅಂದುಕೊಂಡಿದ್ದೆ. ಅವಳಿಗೆ ಅದು ವಿಳಾಸ. ಈ ಮಾತಿನಲ್ಲಿ ಸಂಕಟ ಇದೆಯಾ, ಬುದ್ಧಿವಂತಿಕೆ ಇದೆಯಾ ಅಂತ ನನಗೆ ಇವತ್ತಿಗೂ ಬಿಡಿಸೋಕಾಗಿಲ್ಲ, ಎರಡೂ ಹೆಣೆದುಕೊಂಡಿವೆ.

ನಮ್ಮ ಇನಿಷಿಯಲ್‌ಗಳ ಕಥೆಯೂ ಹೀಗೇ. ಕುವೆಂಪು ಅಂದರೆ ಕುಪ್ಪಳಿ, ವೆಂಕಟಪ್ಪ, ಪುಟ್ಟಪ್ಪ. ತರಾಸು ಅಂದರೆ ತಳುಕಿನ, ರಾಮಸ್ವಾಮಯ್ಯ, ಸುಬ್ಬರಾವ್. ಊರು, ಅಪ್ಪ, ತಾನು. ಬೆಳ್ಳಿ ಮೇಲೆ ಬರೆಯದಿದ್ದರೂ ಬಾಯಲ್ಲೇ ಹೆಣೆದ ಮಾನೋಗ್ರಾಮ್‌ಗಳು ಇವು, ಎಷ್ಟು ಚೆನ್ನಾಗಿ ಹೆಣೆದವೆಂದರೆ ಬಿಡಿಸಿ ಹೇಳಿದರೆ ನಮಗೇ ಹೊಸದು ಅನ್ನಿಸುತ್ತೆ. ಅದರಲ್ಲಿ ಅಮ್ಮನಿಗೆ ಜಾಗ ಇಲ್ಲ. ಬೇಂದ್ರೆ ಒಬ್ಬರು ಅಂಬಿಕಾತನಯದತ್ತ ಅಂತ ಇಟ್ಟುಕೊಂಡು ತಾಯಿಯ ಹೆಸರನ್ನೇ ಮುಂದೆ ತಂದರು.

ಅಮ್ಮನಿಗೆ ಅರವತ್ತು ತುಂಬುವಾಗ ಒಂದು ಬೆಳ್ಳಿ ಲೋಟ ಕೊಡೋಣ, ಅದರ ಮೇಲೆ ಅವಳ ಅಕ್ಷರವನ್ನೂ ಅಪ್ಪನ ಅಕ್ಷರವನ್ನೂ ಹೆಣೆದು ಕೊರೆಸೋಣ ಅಂತ ನಾನು ತಂಗಿ ಮಾತಾಡಿಕೊಂಡದ್ದು ಹೀಗೆ. ಅಪ್ಪ ಹೋಗಿ ಆರು ವರ್ಷ ಆಯಿತು. ಅಮ್ಮನದು ‘ಪ’, ಅಪ್ಪನದು ‘ಬ’. ಇಂಗ್ಲಿಷ್ ಅಕ್ಷರ ಬೇಡ, ಅಮ್ಮನಿಗೆ ಬರಲ್ಲ, ಕನ್ನಡದಲ್ಲೇ ಮಾಡೋಣ ಅಂದುಕೊಂಡೆವು. ಆಗ ಶುರುವಾಯಿತು ನೋಡಿ.

ಇಂಗ್ಲಿಷ್ ಅಕ್ಷರಕ್ಕೆ ಒಂದು ಬಾಲ ಜಾಸ್ತಿ ಆದರೆ ಅದು ಅಲಂಕಾರ. ಕನ್ನಡದಲ್ಲಿ ಒಂದು ಬಾಲ ಜಾಸ್ತಿ ಆದರೆ ಅದು ಬೇರೆ ಅಕ್ಷರ. ಅಪ್ಪನ ‘ಬ’ದ ಒಂದು ಗೆರೆ ಅಮ್ಮನ ‘ಪ’ದ ಹೊಟ್ಟೆಯೊಳಗೆ ಹಾದುಹೋದರೆ ಅವಳು ‘ಷ’ ಆಗ್ತಾಳೆ. ಕೆಳಗಿನಿಂದ ತಗುಲಿದರೆ ‘ಫ’. ಅಮ್ಮನ ಗೆರೆ ಅಪ್ಪನ ಬುಡಕ್ಕೆ ಇಳಿದರೆ ಅವರು ‘ಭ’. ಇಬ್ಬರೂ ಹತ್ತಿರ ಬಂದಷ್ಟೂ ಒಬ್ಬರು ಇನ್ನೊಬ್ಬರನ್ನು ಬೇರೆ ಯಾರನ್ನೋ ಮಾಡಿಬಿಡ್ತಾರೆ. ಈ ಮಾತನ್ನು ನನ್ನ ಹೆಂಡತಿಗೆ ಹೇಳಿದೆ, ‘ಅದಕ್ಕೆ ಕನ್ನಡ ಯಾಕೆ ಬೇಕು, ನಮ್ಮನೆ ಸಾಕು’ ಅಂದಳು.

ಹೋಗಲಿ, ಒಂದರ ಕೆಳಗೆ ಒಂದು ಇಡೋಣ ಅಂದರೆ ಅದು ಒತ್ತಕ್ಷರ ಆಗುತ್ತೆ. ‘ಪ್ಬ’. ಉಚ್ಚಾರ ಮಾಡಿ ನೋಡಿ, ತುಟಿ ಅಂಟಿಕೊಳ್ಳುತ್ತೆ. ಆದರೆ ಒತ್ತಕ್ಷರದಲ್ಲಿ ಒಂದು ಮಜಾ ಇದೆ, ಇಷ್ಟು ವರ್ಷ ಬರೆದರೂ ನಾನು ಯೋಚಿಸಿರಲಿಲ್ಲ. ಮೇಲೆ ದೊಡ್ಡದಾಗಿ ಕೂತ ಅಕ್ಷರ ತನ್ನ ಸ್ವರ ಕಳೆದುಕೊಂಡಿರುತ್ತೆ. ಕೆಳಗೆ ಸಣ್ಣದಾಗಿ ತೂಗುಬಿದ್ದದ್ದಕ್ಕೇ ಸ್ವರ ಇರೋದು. ‘ಸ್ತ್ರೀ’ ಅಂತ ಬರೆಯುವಾಗ ಗುಡಿಸು, ದೀರ್ಘ ಎಲ್ಲ ಮೇಲಿನ ಸಕಾರಕ್ಕೇ ತೊಡಿಸ್ತೀವಿ. ಆದರೆ ‘ಈ’ ಅಂತ ದನಿ ಬರೋದು ಕಟ್ಟಕಡೆಯ ರಕಾರದ ಮೇಲೆ. ಲಿಪಿಯಲ್ಲಿ ಮೇಲಿರೋದು, ನುಡಿಯಲ್ಲಿ ಉಸಿರಿರೋದು ಎರಡೂ ಬೇರೆ ಬೇರೆ. ಇದರಿಂದ ಯಾವ ತತ್ವವನ್ನೂ ಹಿಂಡೋಕೆ ಹೋಗಲ್ಲ, ಲಿಪಿ ಮಾಡಿದವರು ನಮ್ಮ ಅಪ್ಪ ಅಮ್ಮನ ಬಗ್ಗೆ ಯೋಚಿಸಿರಲಿಲ್ಲ.

ಕೊನೆಗೆ ಎರಡರ ಮೇಲ್ತುದಿಯನ್ನೂ ಬಳ್ಳಿಯ ಹಾಗೆ ಉದ್ದಕ್ಕೆ ಎಳೆದು, ಅಕ್ಷರದ ಹೊಟ್ಟೆ, ಬುಡ ಎರಡನ್ನೂ ಮುಟ್ಟದೆ, ಆ ಬಳ್ಳಿಗಳನ್ನಷ್ಟೇ ಹೆಣೆದೆ. ಕಂಪ್ಯೂಟರಿನಲ್ಲಿ ಮಾಡಿ ಪ್ರಿಂಟ್ ತೆಗೆದು ನಗರ್ತಪೇಟೆಯ ಒಂದು ಓಣಿಯಲ್ಲಿ ಕೈಯಲ್ಲೇ ಕೊರೆಯುವ ಒಬ್ಬ ವಯಸ್ಸಾದವರ ಹತ್ತಿರ ಹೋದೆ. ಅವರು ಕನ್ನಡಕ ಮೇಲೆತ್ತಿ ನೋಡಿ, ‘ಗೆರೆ ಎಲ್ಲ ಒಂದೇ ದಪ್ಪ ಇದೆಯಲ್ಲ ಸಾರ್, ಇದು ಲೇಸರ್‌ಗಾಗುತ್ತೆ, ಉಳಿಗಲ್ಲ’ ಅಂದರು. ಕನ್ನಡ ಅಕ್ಷರದಲ್ಲಿ ದಪ್ಪ ಸಣ್ಣ ಎಲ್ಲಿಂದ ಬರಬೇಕು? ತಾಳೆಗರಿಯ ಮೇಲೆ ಕಬ್ಬಿಣದ ಕಂಟದಲ್ಲಿ ಗೀರಿ ಮಸಿ ತಿಕ್ಕಿ ಬರೆದ ಲಿಪಿ ನಮ್ಮದು. ಒಂದು ಲೆಕ್ಕಕ್ಕೆ ಅದು ಮೊದಲಿಂದಲೂ ಕೊರೆದದ್ದೇ, ಆದರೆ ಗೆರೆ ಒಂದೇ ಸಮ. ಹಾಗಾಗಿ ಎಲ್ಲಿ ದಪ್ಪ ಎಲ್ಲಿ ಸಣ್ಣ ಅನ್ನೋದನ್ನು ನಾವೇ ತೀರ್ಮಾನ ಮಾಡಬೇಕು. ಅವರೇ ಪೆನ್ಸಿಲ್ ತಗೊಂಡು ತಿದ್ದಿದರು, ಹತ್ತು ನಿಮಿಷದಲ್ಲಿ ನನ್ನ ಮೂರು ವಾರದ ಚಿತ್ರಕ್ಕೆ ಜೀವ ಬಂತು. ಆಮೇಲೆ ಕ್ರಾಸ್‌ಗಳನ್ನು ಒಂದೊಂದಾಗಿ ಎಣಿಸಿದರು. ಐದು.

‘ಎರಡು ಇವರು ಮೇಲೆ, ಎರಡು ಅವರು ಮೇಲೆ. ಐದನೇದು ಯಾರು ಸಾರ್?’

ಸುತ್ತು ಪೂರ್ತಿ ಮುಚ್ಚಿದ ಎರಡು ಗೆರೆಗಳು ಒಂದನ್ನೊಂದು ದಾಟೋದು ಯಾವಾಗಲೂ ಸಮಸಂಖ್ಯೆಯಲ್ಲಿ, ಒಳಗೆ ಹೋದದ್ದು ಹೊರಗೆ ಬರಲೇಬೇಕಲ್ಲ. ಆದರೆ ಬಳ್ಳಿಗೆ ತುದಿ ಇರುತ್ತೆ. ಹಾಗಾಗಿ ಬೆಸಸಂಖ್ಯೆ ಬರಬಹುದು, ಬಂತು. ನಾಲ್ಕಕ್ಕೆ ಇಳಿಸಬೇಕು ಅಂದರೆ ಅಮ್ಮನ ಬಳ್ಳಿಯನ್ನು ತುಂಡು ಮಾಡಬೇಕು. ಆರಕ್ಕೆ ಏರಿಸಬೇಕು ಅಂದರೆ ಅಪ್ಪನದನ್ನು ಉದ್ದ ಮಾಡಬೇಕು. ಸಮಾನತೆ ತರೋಕೆ ಹೋದರೆ ಎರಡು ದಾರಿಯಲ್ಲೂ ಅಪ್ಪನಿಗೇ ಲಾಭ. ತಂಗಿಗೆ ಫೋನ್ ಮಾಡಿದೆ. ‘ಇದರಲ್ಲಿ ಕೇಳೋದೇನಿದೆ ಅಣ್ಣಾ, ಅಮ್ಮಂದು ಮೇಲೆ. ಅವಳನ್ನ ಕೇಳ್ಬೇಡ, ಕೇಳಿದ್ರೆ ಏನು ಹೇಳ್ತಾಳೆ ಅಂತ ಗೊತ್ತಲ್ವಾ?’

ಗೊತ್ತಿತ್ತು. ಕಷ್ಟ ಇರೋದೇ ಅಲ್ಲಿ. ಬಹಳ ದಿನ ಕೊರತೆಯಲ್ಲಿ ಬದುಕಿದವರು ತಮ್ಮ ಆಸೆಯನ್ನೇ ಕೊರತೆಯ ಅಳತೆಗೆ ಕತ್ತರಿಸಿಕೊಂಡಿರ್ತಾರೆ, ಹಾಗಾಗಿ ‘ನನಗೆ ಸಾಕು’ ಅನ್ನೋ ಅವರ ಮಾತನ್ನು ನ್ಯಾಯದ ಸಾಕ್ಷಿ ಅಂತ ತಗೋಬಾರದು ಅಂತ ಅಮರ್ತ್ಯ ಸೇನ್ ವಾದಿಸಿದ್ದಾರೆ. ತಂಗಿ ಅವರನ್ನು ಓದಿಲ್ಲ, ಆದರೆ ಹೇಳಿದ್ದು ಅದನ್ನೇ. ಆ ವಾದ ಸರಿ ಅಂತ ನಾನು ಒಪ್ತೀನಿ. ಪಂಚಾಯ್ತಿಯಲ್ಲಿ, ಸರ್ಕಾರದಲ್ಲಿ, ಸಂಬಳದ ವಿಷಯದಲ್ಲಿ ಪೂರ್ತಿ ಒಪ್ತೀನಿ. ಆದರೆ ಒಬ್ಬ ಮಗನ ಕೈಯಲ್ಲಿ ಅದು ಅಪಾಯದ ಆಯುಧ. ಅಪ್ಪ ಇಷ್ಟು ವರ್ಷ ಅವಳನ್ನು ಕೇಳದೆ ಪಾತ್ರೆಗಳ ಮೇಲೆ ತನ್ನ ಹೆಸರು ಹಾಕಿಸಿದರು. ನಾನು ಅವಳನ್ನು ಕೇಳದೆ, ಅವಳ ಒಳ್ಳೇದಕ್ಕೇ ಅಂತ, ಅವಳ ಹೆಸರನ್ನು ಮೇಲೆ ಹಾಕಿಸಿದರೆ ಏನು ಬದಲಾಯಿತು? ಅಕ್ಷರ ಬದಲಾಯಿತು. ತೀರ್ಮಾನ ಮಾಡೋರು ಯಾರು ಅನ್ನೋದು ಬದಲಾಗಲಿಲ್ಲ. ತಂಗಿಗೆ ಈ ಮಾತು ಹಿಡಿಸಲಿಲ್ಲ. ಕೇಳೋದೂ ಒಂದು ನಾಟಕ ಅಂದಳು, ಹಸಿದವರಿಗೆ ‘ಊಟ ಮಾಡ್ತೀರಾ’ ಅಂತ ಬಾಯಿಮಾತಿಗೆ ಕೇಳಿದ ಹಾಗೆ. ಅದನ್ನೂ ಸುಳ್ಳು ಅನ್ನೋಕೆ ನನಗೆ ಆಗಲ್ಲ.

ನಾನು ಅಂಗಡಿಯ ಹೊರಗೆ ನಿಂತು ಅಮ್ಮನಿಗೆ ಫೋನ್ ಮಾಡಿದೆ. ಗುಟ್ಟಾಗಿ ಕೊಡೋ ಆಸೆ ಅಲ್ಲಿಗೇ ಮುಗಿಯಿತು. ಲೋಟ, ಬಳ್ಳಿ, ಐದು ಕ್ರಾಸ್ ಎಲ್ಲ ವಿವರಿಸಿದೆ. ಹಿಂದೆ ಕರು ಕೂಗ್ತಾ ಇತ್ತು.

‘ಎಷ್ಟಾಯ್ತು ಲೋಟಕ್ಕೆ?’ ಅಂದಳು ಮೊದಲು. ಹೇಳಿದೆ. ಬೈದಳು. ಆಮೇಲೆ, ‘ಅವರದೇ ಮೇಲಿರ್ಲಿ ಬಿಡಪ್ಪ.’

‘ಯಾಕಮ್ಮಾ? ಇದೊಂದಾದ್ರೂ ನಿಂದು ಇರ್ಲಿ.’

‘ನಾನು ಇನ್ನೂ ಇದೀನಲ್ಲ’ ಅಂದಳು.

ತಂಗಿ ಇದನ್ನು ಕೇಳಿ, ನೋಡಿದ್ಯಾ ನಾನು ಹೇಳಲಿಲ್ವಾ ಅಂದಳು. ನನಗೆ ಮಾತ್ರ ಇದು ತಂಗಿ ನಿರೀಕ್ಷಿಸಿದ ಉತ್ತರವೇ ಆದ ಹಾಗೆ ಕೇಳಿಸಲಿಲ್ಲ. ‘ಗಂಡನಲ್ವಾ, ಮೇಲಿರಲಿ’ ಅಂತ ಅವಳು ಅನ್ನಲಿಲ್ಲ. ಹಾಗಂದಿದ್ದರೆ ತಂಗಿಯ ಪಕ್ಷ ಸೇರುತ್ತಿದ್ದೆನೇನೋ. ಇರುವವಳು ಇಲ್ಲದವರಿಗೆ ಜಾಗ ಬಿಡ್ತೀನಿ ಅಂದಳು. ಬಿಡೋಕೆ ಮೊದಲು ಜಾಗ ತನ್ನದಾಗಿರಬೇಕು. ತನ್ನದು ಅಂತ ಒಂದು ಕ್ರಾಸ್ ಅವಳ ಕೈಗೆ ಬಂದದ್ದು ಬಹುಶಃ ಇದೇ ಮೊದಲು, ಅದನ್ನು ಅವಳು ಹೀಗೆ ಖರ್ಚು ಮಾಡಿದಳು. ಬೇರೆ ಥರ ಮಾಡಬಹುದಿತ್ತಾ? ಮಾಡಬಹುದಿತ್ತು. ನಾನು ಒಳಗೆ ಹೋಗಿ ‘ಐದನೇದು ಬ ಮೇಲೆ’ ಅಂದೆ.

ಅವರು ಲೋಟಕ್ಕೆ ಬಿಳಿ ಬಣ್ಣ ತೆಳ್ಳಗೆ ಬಳಿದು, ಒಣಗಿಸಿ, ಅದರ ಮೇಲೆ ಪೆನ್ಸಿಲಿನಲ್ಲಿ ಬರೆದು, ಸೂಜಿಯಲ್ಲಿ ಗೀರಿ ಗುರುತು ಮಾಡಿಕೊಂಡರು. ಮೇಲೆ ಬರುವ ಗೆರೆ ಮೊದಲು, ಅದಕ್ಕೆ ತಾಗದಂತೆ ಕೆಳಗಿನದು ಆಮೇಲೆ. ಐದನೇ ಕ್ರಾಸಿನಲ್ಲಿ ಅಮ್ಮನ ಬಳ್ಳಿಯನ್ನು ಅವರು ಎರಡೂ ಕಡೆಯಿಂದ ಎಷ್ಟು ನಾಜೂಕಾಗಿ ತಂದು ನಿಲ್ಲಿಸಿದರೆಂದರೆ ಇಡೀ ಲೋಟದಲ್ಲಿ ನನ್ನ ಕಣ್ಣು ಮೊದಲು ಹೋಗೋದು ಕೊರೆಯದೇ ಬಿಟ್ಟ ಆ ಒಂದು ಎಳ್ಳುಕಾಳಿನಷ್ಟು ಜಾಗಕ್ಕೆ. ಅಂಚಿನಲ್ಲಿ ನಿಮ್ಮ ಗುರುತು ಹಾಕಿ ಅಂದೆ ಅವರಿಗೆ. ‘ಗಿರಾಕಿ ಮಾಲಿನ ಮೇಲೆ ನಮ್ಮ ಹೆಸರು ಯಾಕೆ ಸಾರ್’ ಅಂತ ಬಣ್ಣ ಒರೆಸಿ ಕೊಟ್ಟರು.

ಅಮ್ಮ ಲೋಟ ತಿರುಗಿಸಿ ತಿರುಗಿಸಿ ನೋಡಿದಳು. ‘ಪ’ವನ್ನು ಹುಡುಕೋಕೆ ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಸಿಕ್ಕ ಮೇಲೆ ಬೆರಳಲ್ಲಿ ಅದರ ಜಾಡು ಹಿಡಿದು ತುದಿಯವರೆಗೂ ಹೋದಳು. ‘ಚೆನ್ನಾಗಿದೆ. ಬೇರೆಯವರು ನೋಡಿದ್ರೆ ಜಿಲೇಬಿ ಅಂತಾರೆ’ ಅಂದಳು.

ಮುಂದಿನ ಸಲ ಊರಿಗೆ ಹೋದಾಗ ಲೋಟದ ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ಏನೋ ಇತ್ತು. ಚನ್ನರಾಯಪಟ್ಟಣದ ಪಾತ್ರೆ ಅಂಗಡಿಯಲ್ಲಿ ಹಾಕಿಸಿಕೊಂಡು ಬಂದಿದ್ದಳು. ಬೆಳಕಿಗೆ ಹಿಡಿದು ನೋಡಿದೆ. ಅವಳ ಹೆಸರೂ ಅಲ್ಲ, ಅಪ್ಪನ ಹೆಸರೂ ಅಲ್ಲ. ಹತ್ತು ಅಂಕಿ, ನನ್ನ ಮೊಬೈಲ್ ನಂಬರ್.

‘ಇದೇನಮ್ಮಾ, ಬೆಳ್ಳಿ ಲೋಟದ ಮೇಲೆ?’

‘ಸಿಕ್ಕಿದೋರು ಫೋನ್ ಮಾಡ್ತಾರೆ’ ಅಂದಳು.